ತಪ್ಪುಗಳನ್ನು ರಾಶಿ ಹಾಕುತ್ತಿದ್ದ ಹೆಡ್‌ಮಾಸ್ಟರು

ನಮ್ಮ ಹೆಡ್‌ಮಾಸ್ಟರು ನೆಲಕ್ಕೆ ಕೂರುವಾಗ ಅವರ ಮೊಣಕಾಲು ಎರಡೂ ಲಟಕ್ ಲಟಕ್ ಎನ್ನುತ್ತಿದ್ದವು. ಮಕ್ಕಳು ಆ ಸದ್ದಿಗೆ ಕಾದಿದ್ದು, ಕೇಳಿಸಿದ ಕೂಡಲೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಿಸಿಕಿಸಿ ನಗುತ್ತಿದ್ದವು. "ನಗ್ರಲಾ ನಗ್ರಿ, ನಿಮ್ಗೂ ವಯಸ್ಸಾಯ್ತದೆ" ಎನ್ನುತ್ತಾ ಅವರು ಗೋಡೆ ಹಿಡಿದುಕೊಂಡು ಜಮಖಾನದ ಮೇಲೆ ಇಳಿಯುತ್ತಿದ್ದರು. ಶಾಲೆಯಲ್ಲಿ ಕುರ್ಚಿ ಇರಲಿಲ್ಲವೆಂದಲ್ಲ. ಒಳ್ಳೆಯ ಕುರ್ಚಿಯೇ ಇತ್ತು. ಅದರ ಮೇಲೆ ಅವರ ಊಟದ ಡಬ್ಬಿ ಕೂರುತ್ತಿತ್ತು.

ಮಿಡಿಗೇಶಿಯಿಂದ ಇನ್ನೂ ಒಳಗಿದ್ದ ಆ ಸರ್ಕಾರಿ ಶಾಲೆಗೆ ನನ್ನ ಮೊದಲ ನೇಮಕ. ಕೊರಟಗೆರೆಯಿಂದ ಹೊರಟು, ಮಧುಗಿರಿಯಲ್ಲಿ ಬಸ್ಸು ಬದಲಿಸಿ, ಅರ್ಧ ದಾರಿ ನಿಂತುಕೊಂಡೇ ಬಂದು ತಲುಪುವ ಹೊತ್ತಿಗೆ ನನ್ನ ಸಿಟ್ಟು ನೆತ್ತಿಗೇರಿರುತ್ತಿತ್ತು. ಆ ಸಿಟ್ಟು ಇಳಿಯುತ್ತಿದ್ದುದು ಮಕ್ಕಳ ಉತ್ತರಪತ್ರಿಕೆಗಳ ಮೇಲೆ. ಕೆಂಪು ಪೆನ್ನು ಹಿಡಿದರೆ ಸರಿ, ತಪ್ಪು, ಸೊನ್ನೆ. ಇಂತಿಷ್ಟು ಅಂಕ ಎಂದು ಬರೆದು ಕೈ ತೊಳೆದುಕೊಳ್ಳುವುದು. ತರಬೇತಿಯಲ್ಲಿ ಏನು ಹೇಳಿಕೊಟ್ಟಿದ್ದರೋ, ಆ ವಯಸ್ಸಿಗೆ ನನಗೆ ಹತ್ತಿದ್ದು ಅಷ್ಟೇ.

ಹೆಡ್‌ಮಾಸ್ಟರು ಅಂಕ ಕೂಡಿಸುವ ಮೊದಲು ಪತ್ರಿಕೆಗಳನ್ನೆಲ್ಲ ನೆಲದ ಮೇಲೆ ಹರಡುತ್ತಿದ್ದರು. ಕಣದಲ್ಲಿ ಕಡಲೆಕಾಯಿಯ ಜೊಳ್ಳು ಗಟ್ಟಿ ಬೇರೆ ಮಾಡುವ ಹೆಂಗಸರ ಹಾಗೆ ಒಂದೊಂದನ್ನೇ ಎತ್ತಿ ನೋಡಿ, ಒಂದೊಂದು ಬಗೆಯ ತಪ್ಪಿಗೆ ಒಂದೊಂದು ರಾಶಿ. ಫ್ಯಾನಿನ ಗಾಳಿಗೆ ಹಾರದಂತೆ ಒಂದು ರಾಶಿಯ ಮೇಲೆ ಡಸ್ಟರು, ಒಂದರ ಮೇಲೆ ಬೀಗ, ಇನ್ನೊಂದರ ಮೇಲೆ ಅವರದೇ ಚಪ್ಪಲಿ. ಮೊದಲ ಸಲ ನೋಡಿದಾಗ, "ಸರಸ್ವತಿಯ ಮೇಲೆ ಚಪ್ಪಲಿಯಾ ಸಾರ್?" ಎಂದು ಕೇಳಿಬಿಟ್ಟೆ. "ಸರಸ್ವತಿ ಒಳಗೆ ಬರೋದು ಈ ತಪ್ಪಿನ ಬಾಗ್ಲಿಂದ್ಲೇ ಕಣಮ್ಮ. ಬಾಗ್ಲಲ್ಲಿ ಚಪ್ಪಲಿ ಇರ್ದೆ ಇನ್ನೇನಿರ್ತದೆ?" ಎಂದರು.

ಒಂದು ದಿನ ನಾನು ತಿದ್ದಿದ್ದ ಎರಡು ಪತ್ರಿಕೆಗಳನ್ನು ನನ್ನ ಮುಂದೆ ಹಿಡಿದರು. ಐವತ್ತೆರಡರಲ್ಲಿ ಹದಿನೇಳು ಕಳೆಯುವ ಲೆಕ್ಕ. ಇಬ್ಬರು ಹುಡುಗರೂ ನಲವತ್ತೈದು ಎಂದು ಬರೆದಿದ್ದರು, ಇಬ್ಬರಿಗೂ ನಾನು ಸೊನ್ನೆ ಕೊಟ್ಟಿದ್ದೆ. ಹೆಡ್‌ಮಾಸ್ಟರು ಇಬ್ಬರನ್ನೂ ಕರೆದು, "ಹೆಂಗ್ ಮಾಡ್ದೆ, ಬಾಯಲ್ಲಿ ಹೇಳಲಾ" ಎಂದರು. ಮೊದಲನೆಯವನು ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಏಳರಲ್ಲೇ ಎರಡು ಕಳೆದಿದ್ದ. ಎರಡನೆಯವನು ಪಕ್ಕದಿಂದ ಹತ್ತು ತಂದುಕೊಂಡು ಹನ್ನೆರಡರಲ್ಲಿ ಏಳು ಸರಿಯಾಗಿಯೇ ಕಳೆದಿದ್ದ. ಪಕ್ಕದ ಐದು ನಾಲ್ಕಾಗಬೇಕೆಂಬುದನ್ನು ಮಾತ್ರ ಮರೆತಿದ್ದ.

"ನೋಡ್ದಾ ಟೀಚರಮ್ಮ? ಇವ್ನಿಗೆ ಸಾಲ ಕೇಳೋದೇ ಗೊತ್ತಿಲ್ಲ. ಅವ್ನು ಸಾಲ ತಂದವ್ನೆ, ಕೊಟ್ಟೋನ ಮನೇಲಿ ಕಮ್ಮಿ ಆಯ್ತದೆ ಅನ್ನೋದ ಮರ್ತವ್ನೆ. ಇಬ್ರಿಗೂ ಒಂದೇ ಪಾಠ ಮಾಡಿದ್ರೆ ಹೆಂಗೆ?"

ಆ ಎರಡು ನಲವತ್ತೈದುಗಳು ನನಗೆ ಕಲಿಸಿದಷ್ಟನ್ನು ಯಾವ ತರಬೇತಿಯೂ ಕಲಿಸಲಿಲ್ಲ. ಅಂದಿನಿಂದ ಸಂಜೆಯ ಬಸ್ಸು ತಪ್ಪಿದರೂ ಸರಿ ಎಂದು ಅವರ ಜೊತೆ ನೆಲದಲ್ಲಿ ಕೂತು ನಾನೂ ರಾಶಿ ಹಾಕತೊಡಗಿದೆ.

ಇಷ್ಟು ಬಲ್ಲವರೂ ಒಮ್ಮೆ ಎಡವಿದರು. ರಾಶಿ ಹಾಕಿ ಹಾಕಿ, ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದು, ದೊಡ್ಡ ಚಾರ್ಟ್ ಬರೆದು ಗೋಡೆಗೆ ಅಂಟಿಸಿದರು. ಹಸಿರಿನವರು ಎಲ್ಲ ಬಲ್ಲವರು, ಕೆಂಪಿನವರು ಏನೂ ಬಾರದವರು. ಮೇಲಿನಿಂದ ಬಂದ ಅಧಿಕಾರಿ ಫೋಟೊ ತೆಗೆದುಕೊಂಡು ಬೆನ್ನು ತಟ್ಟಿ ಹೋದರು. ಹೆಡ್‌ಮಾಸ್ಟರು ಆ ವಾರವೆಲ್ಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ನಾನು ಛೇಡಿಸಿದರೆ, "ಇರ್ಲಿ ಬುಡಮ್ಮ, ಬಡವನಿಗೂ ಒಂದ್ ದಿನ ಹಬ್ಬ" ಎಂದರು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಐದನೇ ತರಗತಿಗೆ ಲಾವಣ್ಯ ಎಂಬ ಹುಡುಗಿ ಬಂದು ಸೇರಿದಳು. ಅವಳ ತಾಯಿ ಹುಣಸೆಹಣ್ಣು ಬಡಿದು ಬೀಜ ಬಿಡಿಸುವ ಕೆಲಸಕ್ಕೆಂದು ಪಾವಗಡದ ಆಚೆ ಗಡಿಯ ಊರಿನಿಂದ ಬಂದಿದ್ದಳು. ಹುಡುಗಿಗೆ ಮಾತೇ ಇಲ್ಲ. ಕೇಳಿದ್ದಕ್ಕೆಲ್ಲ ತಲೆಯಾಡಿಸುವಳು. ಆ ತಿಂಗಳ ಕಿರುಪರೀಕ್ಷೆಯಲ್ಲಿ ಗಣಿತದ ಪ್ರಶ್ನೆಗಳೆಲ್ಲ ವಾಕ್ಯದಲ್ಲಿದ್ದವು: ಇಷ್ಟು ಕುರಿ ಇದ್ದವು, ಇಷ್ಟು ಮಾರಿದರು, ಉಳಿದವು ಎಷ್ಟು ಎಂಬಂಥವು. ಅವಳು ಹೆಸರು ಬರೆದು ಉಳಿದದ್ದೆಲ್ಲ ಖಾಲಿ ಬಿಟ್ಟಳು. ಖಾಲಿ ಪತ್ರಿಕೆಯಲ್ಲಿ ತಪ್ಪು ಎಲ್ಲಿ ಹುಡುಕುವುದು? ಹೆಡ್‌ಮಾಸ್ಟರು ಅವಳ ಹೆಸರನ್ನು ಕೆಂಪಿನಲ್ಲಿ ಬರೆದರು.

ಹತ್ತು ದಿನವಾಗಿತ್ತೋ ಏನೋ, ಹುಡುಗಿ ಶಾಲೆಗೆ ಬರುವುದು ನಿಂತಿತು. ಕಾರಣ ಹೇಳಿದವಳು ಬಿಸಿಯೂಟದ ಅಡುಗೆಯಮ್ಮ. "ಊಟಕ್ಕೆ ಬಂದು ಹಸಿರಿನೋರ ಪಕ್ಕ ಕೂತ್ಕೊಂಡ್ಲು ಸಾ. 'ಇದು ನಮ್ ಸಾಲು, ನಿಮ್ಮೋರು ಅಲ್ಲಿ ಅವ್ರೆ ಹೋಗು' ಅಂದ್ಬುಟ್ವು ಮಕ್ಳು. ತಟ್ಟೆ ಅಲ್ಲೇ ಬುಟ್ಟು ಹೊಂಟೋದ್ಲು."

ಹೆಡ್‌ಮಾಸ್ಟರು ಅಂದು ಮಧ್ಯಾಹ್ನ ಜಗುಲಿಯ ಕಂಬಕ್ಕೆ ಒರಗಿ ನಿಂತು ಊಟದ ಸಾಲುಗಳನ್ನು ನೋಡಿದರು. ಯಾರೂ ಹೇಳಿಕೊಡದೆಯೇ ಮಕ್ಕಳು ಚಾರ್ಟಿನಂತೆ ನಾಲ್ಕು ಸಾಲಾಗಿ ಕೂತಿದ್ದರು. ಹಸಿರಿನವರ ಸಾಲು ಅಡುಗೆಮನೆಯ ಬಾಗಿಲಿಗೆ ಹತ್ತಿರ, ಕೆಂಪಿನವರದು ಕೈತೊಳೆಯುವ ನಲ್ಲಿಯ ಹತ್ತಿರ. ಹೆಡ್‌ಮಾಸ್ಟರ ಮುಖ ಕಪ್ಪಿಟ್ಟಿತು. ನೆಟ್ಟಗೆ ಒಳಗೆ ಹೋಗಿ ಚಾರ್ಟನ್ನು ಕಿತ್ತು ಮಡಚಿ ಒಲೆಗೆ ಹಾಕಲು ಅಡುಗೆಯಮ್ಮನ ಕೈಗೆ ಕೊಟ್ಟರು. ಆಮೇಲೆ ನನ್ನ ಹತ್ತಿರ ಬಂದು ಕೂತರು.

"ಚಿಕ್ಕಂದಿನಲ್ಲಿ ಮದುವೆ ಮನೇಲಿ ನಮ್ಮನ್ನ ಬೇರೆ ಕೂರಿಸೋರು ಕಣಮ್ಮ. ತಿಪ್ಪೆ ಪಕ್ಕ. ಎಲ್ಲಾರ್ದೂ ಆದ್ಮೇಲೆ ನಮ್ದು. ಈಗ ಅದೇ ಸಾಲನ್ನ ನಾನೇ ಬಣ್ಣ ಬಳ್ದು ಗೋಡೆ ಮೇಲೆ ಬರ್ದುಬುಟ್ನಲ್ಲ."

ಅವರ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ. ನಾನು ಕೈಯಲ್ಲಿದ್ದ ಕಡಲೆಕಾಯಿಯ ಪೊಟ್ಟಣವನ್ನು ಅವರ ಕಡೆ ಸರಿಸಿದೆ.

ಶಾಲೆ ಬಿಟ್ಟ ಮೇಲೆ ಇಬ್ಬರೂ ಹುಣಸೆಹಣ್ಣಿನ ಶೆಡ್ಡಿಗೆ ಹೋದೆವು. ಲಾವಣ್ಯ ಒಂದು ಮೂಲೆಯಲ್ಲಿ ಕೂತು ಹಣ್ಣಿನ ನಾರು ತೆಗೆಯುತ್ತಿದ್ದಳು. ತಾಯಿ ಕೊಡತಿಯಿಂದ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: "ಈ ಪಿಲ್ಲಕಿ ಚದುವು ಅಂಟದು ಸಾರ್. ಓದು ಹತ್ತಲ್ಲ ಅಂದ್ಮೇಲೆ ಇಸ್ಕೂಲಲ್ಲಿ ಮೂಲೇಲಿ ಕೂರೋ ಬದ್ಲು ಇಲ್ಲೇ ಕೂರ್ಲಿ ಬುಡಿ. ನಂಗೂ ಒಂದ್ ಕೈ ಆಯ್ತದೆ." ಹೆಂಗಸಿನ ಮಾತಿನಲ್ಲಿ ಜಗಳವಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು, ಅವಳು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು.

ಹೆಡ್‌ಮಾಸ್ಟರು ಹುಡುಗಿಯ ಎದುರು ನೆಲಕ್ಕೆ ಇಳಿದು ತಾವೂ ನಾರು ತೆಗೆಯತೊಡಗಿದರು. ಅವರದೂ ಪಾವಗಡದ ಕಡೆಯೇ ಊರು, ತೆಲುಗು ನೀರು ಕುಡಿದಷ್ಟು ಸಲೀಸು. ಕುರಿಯ ಲೆಕ್ಕವನ್ನೇ ತೆಲುಗಿನಲ್ಲಿ ಕೇಳಿದರು ಎಂಬುದು ಅಂಕಿಗಳಿಂದ ನನಗೆ ಅಂದಾಜಾಯಿತು. ಹುಡುಗಿ ತಲೆಯೆತ್ತದೆ ಉತ್ತರ ಹೇಳಿದಳು. ಇನ್ನೊಂದು ಕೇಳಿದರು, ಅದಕ್ಕೂ ಹೇಳಿದಳು. ಅಂಕಿ ದೊಡ್ಡದಾಗುತ್ತಾ ಹೋದಂತೆ ಅವಳ ದನಿಯೂ ಏರುತ್ತಾ ಹೋಯಿತು. "ನಮ್ ಕಡೆ ಮಗು ಕಣಮ್ಮ ಇದು. ಲೆಕ್ಕ ಬರ್ತದೆ, ಕನ್ನಡ ಓದೋಕೆ ಬರಲ್ಲ ಅಷ್ಟೆ. ನಂಗೇ ತಿಳೀಲಿಲ್ವಲ್ಲ" ಎಂದು ನನ್ನ ಕಡೆ ತಿರುಗಿ ಹೇಳಿದರು. ಮತ್ತೆ ಅವಳ ಕಡೆ ಬಾಗಿ, ಮೆಲ್ಲಗೆ ತೆಲುಗಿನಲ್ಲಿ ಏನೋ ಒಂದು ಮಾತು ಹೇಳಿದರು. ತಾಯಿಯ ಕೊಡತಿ ನಿಂತಿತು. ಹುಡುಗಿ ಅವರ ಮುಖವನ್ನೇ ನೋಡಿದಳು.

ಬರುವಾಗ ಏನು ಹೇಳಿದಿರಿ ಎಂದು ಕೇಳಿದರೆ, "ಅದು ನಂಗೂ ಅವ್ಳಿಗೂ ಇರೋ ವಿಷ್ಯ" ಎಂದು ತೇಲಿಸಿಬಿಟ್ಟರು. ಮಾರನೆಯ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಲಾವಣ್ಯ ಬಾಗಿಲಲ್ಲಿ ನಿಂತಿದ್ದಳು.

ಆಮೇಲೆ ನಮ್ಮ ಗುಂಪುಗಳ ಪದ್ಧತಿಯೇ ಬದಲಾಯಿತು. ಗುಂಪಿಗೆ ಮಗುವಿನ ಮಟ್ಟದ ಹೆಸರಿಲ್ಲ, ತಪ್ಪಿನ ಹೆಸರು: ಸಾಲ ಮರೆಯುವ ಗುಂಪು, ಒತ್ತಕ್ಷರ ನುಂಗುವ ಗುಂಪು. ತಪ್ಪು ಹೋದ ದಿನ ಗುಂಪಿನಿಂದಲೂ ಆಚೆ. ಪ್ರತಿಯೊಬ್ಬರಿಗೂ ಒಂದಲ್ಲ ಒಂದು ಗುಂಪು ಇರಲೇಬೇಕು. ಲಾವಣ್ಯ ಓದುವಾಗ ಅಕ್ಷರ ಕೂಡಿಸುವ ಗುಂಪಿನಲ್ಲಿ ಕೂತರೆ, ಲೆಕ್ಕದ ಹೊತ್ತಿಗೆ ಸಾಲ ಮರೆಯುವವರಿಗೆ ಹೇಳಿಕೊಡುತ್ತಿದ್ದಳು. ಹೆಡ್‌ಮಾಸ್ಟರು ನನ್ನನ್ನೂ ಬಿಡಲಿಲ್ಲ. "ನಮ್ ಟೀಚರಮ್ಮ ಯಾವ ಗುಂಪ್ರಲಾ?" ಎಂದರೆ ಮಕ್ಕಳೆಲ್ಲ ಒಕ್ಕೊರಲಿನಿಂದ, "ಕಿರುಚೋ ಗುಂಪು ಸಾ!" ಎನ್ನುತ್ತಿದ್ದವು. ಆ ಗುಂಪಿನಿಂದ ಆಚೆ ಬರಲು ನನಗೆ ಎರಡು ವರ್ಷ ಹಿಡಿಯಿತು. ಹುಣಸೆಹಣ್ಣಿನ ಕಾಲ ಮುಗಿದಾಗ ಲಾವಣ್ಯಳ ತಾಯಿ ಊರಿಗೆ ವಾಪಸು ಹೋದಳು. ಮಗಳನ್ನು ಮಾತ್ರ ಮಧುಗಿರಿಯ ಹಾಸ್ಟೆಲಿಗೆ ಸೇರಿಸಿ ಹೋದಳು.

ಹೆಡ್‌ಮಾಸ್ಟರು ನಿವೃತ್ತರಾಗಿ ಊರು ಸೇರಿದರು. ಹೋದ ಬೇಸಿಗೆ ಶುರುವಾಗುವ ಹೊತ್ತಿಗೆ ತೀರಿಕೊಂಡರು. ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ, ನಿಂತಲ್ಲೇ ಅತ್ತುಬಿಟ್ಟೆ. ಅವರ ಮನೆಯ ಅಂಗಳದಲ್ಲಿ ತಿಥಿಯ ಬದಲು ಬುದ್ಧವಂದನೆ ನಡೆದ ದಿನ ಹೋದೆ. ಶಾಮಿಯಾನದ ಕೆಳಗೆ ಉದ್ದ ಜಡೆಯ ಹುಡುಗಿಯೊಬ್ಬಳು ಎದ್ದು ಬಂದು, "ನಾನು ಮಿಸ್, ಲಾವಣ್ಯ" ಎಂದಳು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಾಳಂತೆ. ಕನ್ನಡ ನನಗಿಂತ ಚೆನ್ನಾಗಿ ಮಾತಾಡುತ್ತಿದ್ದಳು.

ಇಬ್ಬರೂ ಗೋಡೆಗೆ ಒರಗಿ ಕೂತೆವು. ಅವತ್ತು ಶೆಡ್ಡಿನಲ್ಲಿ ಸಾರ್ ಏನು ಹೇಳಿದರು ಎಂದು ಕೇಳಿದೆ. ಅದೇನೋ ಬುದ್ಧಿಮಾತು, ಇಲ್ಲವೇ ಪುಸಲಾಯಿಸುವ ಮಾತು ಇರಬೇಕು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅವಳು ಸೆರಗಿನಂತೆ ದುಪಟ್ಟಾದಲ್ಲಿ ಮೂಗು ಒರೆಸಿಕೊಂಡು, ಅವರ ದನಿಯಲ್ಲೇ ಮೊದಲು ತೆಲುಗಿನಲ್ಲಿ ಹೇಳಿದಳು.

"ತಪ್ಪು ನೀದಿ ಕಾದಮ್ಮಾ, ನಾದಿ. ರೇಪು ರಾ, ನೇನು ನೇರ್ಚುಕುಂಟಾನು."

ಆಮೇಲೆ ನನಗಾಗಿ ಕನ್ನಡದಲ್ಲಿ ಹೇಳಿದಳು: "ತಪ್ಪು ನಿಂದಲ್ಲಮ್ಮ, ನಂದು. ನಾಳೆ ಬಾ, ನಾನು ಕಲಿತ್ಕೋತೀನಿ."