ಮುಟ್ಟಿ ನೋಡುವ ಪಡಸಾಲೆ

ಗೊಂಬೆ ಮಾಡಲು ಲೇತಿನಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಏಳುವ ಬಿಸಿ ವಾಸನೆ ಮೂಗಿಗೆ ಬಡಿದರೆ ಸಾಕು, ಚನ್ನಪಟ್ಟಣದ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಮುಂದೆ ಬಂದು ನಿಲ್ಲುತ್ತದೆ. ಕೆಂಪು ಗಾರೆಯ ನೆಲ, ನಡುಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಕಲ್ಲುಕಂಬಗಳು, ನಡುವೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತ ಜಯತ್ತೆ. ಅಪ್ಪನ ಅಕ್ಕ ಆಕೆ, ಪ್ರೈಮರಿ ಶಾಲೆಯ ಮೇಡಮ್ಮು. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಳು. ಮನೆಯಲ್ಲಿ ಅತ್ತೆ, ತರಗತಿಯಲ್ಲಿ ಮಿಸ್ಸು ಎಂದು ಕರೆಯುವುದನ್ನು ಕಲಿಯುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

ಒಮ್ಮೆ ಅತ್ತೆ ನಮ್ಮ ತರಗತಿಯನ್ನು ಪರವೂರಿನ ದೊಡ್ಡ ಮ್ಯೂಸಿಯಮ್ಮಿಗೆ ಕರೆದೊಯ್ದಳು. ಅಲ್ಲಿ ನನ್ನ ಗೆಳತಿ ಗೌರಿ ಕಲ್ಲಿನ ಆನೆಯ ಸೊಂಡಿಲನ್ನು ಮೆಲ್ಲಗೆ ಸವರಿದಳು. ಕಾವಲಿನವನು ಗದರಿದ ರಭಸಕ್ಕೆ ಬೆಚ್ಚಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡವಳು ವಾಪಸು ಬರುವಾಗ ಬಸ್ಸಿನಲ್ಲಿ ಕೊಟ್ಟ ಕಡಲೆಕಾಯಿಗೂ ಕೈ ಚಾಚಲಿಲ್ಲ. ಅತ್ತೆ ದಾರಿಯುದ್ದಕ್ಕೂ ಅವಳನ್ನೇ ನೋಡುತ್ತಿದ್ದಳು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಜ್ಜಿಗೆ ಹೇಳಿದಳು: "ಅವ್ವ, ಪಡಸಾಲೆ ನಂಗೆ ಬಿಟ್ಕೊಡು. ಮಕ್ಳು ಎಲ್ಲಾನೂ ಮುಟ್ಟಿ ನೋಡೋ ಮ್ಯೂಸಿಯಂ ಮಾಡ್ತೀನಿ."

"ಊರ್ ಮಕ್ಳೆಲ್ಲ ಬಂದು ಗೋಡೆ ಕಿತ್ತಾಕ್ಬುಡ್ತವೆ ಕಣೇ," ಎಂದ ಅಜ್ಜಿ ದೇವರಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅತ್ತೆ ಒಪ್ಪಿಗೆಗೆ ಕಾಯಲಿಲ್ಲ. ಪಕ್ಕದ ಮನೆಯ ಹಸೀನಾ ಚಾಚಿಯದು ರೇಷ್ಮೆ ನೂಲು ತೆಗೆಯುವ ಮನೆತನ. ಅವರು ಹಳೆಯ ಚರಕವನ್ನೂ ಒಂದು ಬುಟ್ಟಿ ಗೂಡನ್ನೂ ಕೊಟ್ಟರು. ಗೊಂಬೆ ಮಾಡುತ್ತಿದ್ದ ಅವರ ತಮ್ಮ, ಕೈಯಿಂದ ತಿರುಗಿಸುವ ಲೇತನ್ನು ತಂದು ಕೂರಿಸಿದ. ಅಜ್ಜಿಯ ಬೀಸುವ ಕಲ್ಲನ್ನಂತೂ ಅತ್ತೆ ಹೇಳದೆ ಕೇಳದೆ ಕಂಬದ ಬುಡಕ್ಕೆ ತಂದಿಟ್ಟಳು. ಅಂದಿನಿಂದ ತಾಯಿಮಗಳ ನಡುವೆ ಮಾತಿಲ್ಲ. ಬೇಕಾದ್ದನ್ನು ನನ್ನ ಮೂಲಕವೇ ಹೇಳಿ ಕಳಿಸುತ್ತಿದ್ದರು, ಒಂದೇ ಅಡುಗೆಮನೆಯಲ್ಲಿ ನಿಂತುಕೊಂಡು!

ಬಾಗಿಲು ತೆರೆದ ಮೊದಲ ಭಾನುವಾರ ಗೂಡುಗಳು ಉರುಳಾಡಿದವು, ಚರಕ ಕಿರುಗುಟ್ಟಿತು, ಮರ ಹೆರೆದ ಬಣ್ಣದ ಸುರುಳಿಗಳು ಲೇತಿನಿಂದ ಹಾರಿ ನಮ್ಮ ತಲೆಗೂದಲಿಗೆ ಸಿಕ್ಕಿಕೊಂಡವು. ಗೌರಿ ಮಾತ್ರ ಬಾಗಿಲಲ್ಲೇ ನಿಂತಿದ್ದಳು. ಅತ್ತೆ ಅವಳನ್ನು ಕರೆಯಲಿಲ್ಲ, ಬೀಸುವ ಕಲ್ಲಿನ ಪಕ್ಕ ಒಂದು ಮೊರ ರಾಗಿ ಇಟ್ಟು ದೂರ ಸರಿದಳು. ಬಹಳ ಹೊತ್ತಿನ ಮೇಲೆ ಗೌರಿ ಬಂದು ಕೂತು ಗೂಟ ಹಿಡಿದಳು. ಬೊಗಸೆ ತುಂಬ ರಾಗಿ ಸುರಿದಳು, ಕಲ್ಲು ಕಚ್ಚಿಕೊಂಡಿತು. ದೇವರಮನೆಯ ಬಾಗಿಲು ದಡಾರನೆ ತೆರೆಯಿತು.

"ಅಯ್ಯೋ, ಹಂಗಲ್ಲ ಕಣವ್ವ! ಒಸಿ ಒಸಿ ಹಾಕು. ಬುಡು, ನಾ ತೋರುಸ್ತೀನಿ."

ಅಜ್ಜಿ ಕಾಲು ನೀಡಿ ಕೂತು ಗೌರಿಯ ಕೈಮೇಲೆ ಕೈಯಿಟ್ಟಳು. ಕಲ್ಲು ತಿರುಗತೊಡಗಿದಂತೆ ಅವಳ ಬಾಯಿಂದ, ನಾವು ಯಾರೂ ಅದುವರೆಗೆ ಕೇಳದ ಬೀಸುವ ಪದವೊಂದು ಹೊರಟಿತು. ಗೌರಿ ಹಿಟ್ಟಾದ ಬೆರಳುಗಳನ್ನು ಮೂಸಿ ನಕ್ಕಳು. ಮುಂದಿನ ಶನಿವಾರ ಅಜ್ಜಿ ತಾನಾಗಿಯೇ ಅತ್ತೆಯನ್ನು ಕೇಳಿದಳು: "ನಾಳೀಕೆ ಎಷ್ಟ್ ರಾಗಿ ಒಣಗಾಕ್ಬೇಕೇ?"

ಮಾಗಡಿ ಕಡೆಯಿಂದ, ಕಲ್ಯದಿಂದ, ಗುಡೇಮಾರನಹಳ್ಳಿಯಿಂದ ಮಕ್ಕಳು ಬರತೊಡಗಿದರು. ಅಷ್ಟರಲ್ಲಿ ರಸ್ತೆ ಅಗಲವಾಗುವುದೆಂದು ನಮ್ಮ ಗೋಡೆಗೆ ಕೆಂಪು ಗುರುತು ಬಿತ್ತು. ಅತ್ತೆ ಮಂಕಾಗಿ ಜಗಲಿಯಲ್ಲಿ ಕೂತದ್ದನ್ನು ನಾನು ಕಂಡದ್ದು ಆಗಲೇ. ಹಸೀನಾ ಚಾಚಿ ಬಂದು, "ಬಜಾರಿನಾಚೆ ನಮ್ ನೂಲಿನ ಶೆಡ್ಡು ಖಾಲಿ ಬಿದ್ದೈತೆ ಜಯಕ್ಕ. ಮಕ್ಳಿಗೆ ಹೇಳು, ಅವೇ ಹೊತ್ಕೊಂಡ್ ಬತ್ತವೆ," ಎಂದರು. ಹಾಗೇ ಆಯಿತು. ಚರಕ, ಗೂಡು, ಗೊಂಬೆಗಳನ್ನು ಹೊತ್ತ ಮಕ್ಕಳ ಸಾಲು ಬಜಾರಿನ ನಡುವೆ ಹೋಗುತ್ತಿದ್ದರೆ ಅಂಗಡಿಯವರು ಎದ್ದು ನಿಂತು ನೋಡಿದರು. ಬೀಸುವ ಕಲ್ಲಿನ ಜೊತೆ ಅಜ್ಜಿ ಆಟೋದಲ್ಲಿ, ಮದುವಣಗಿತ್ತಿಯ ಗತ್ತಿನಲ್ಲಿ ಬಂದಳು.

ಆ ಶೆಡ್ಡಿಗೆ ಈಗ ದೊಡ್ಡ ಹಜಾರಗಳು ಕೂಡಿಕೊಂಡಿವೆ. ಮನೆಯಿದ್ದ ಜಾಗದಲ್ಲಿ ಲಾರಿಗಳು ಓಡುತ್ತವೆ; ನಿಮ್ಮ ಬಾಲ್ಯದ ಮನೆಯ ಮೇಲೂ ಏನಾದರೊಂದು ಓಡುತ್ತಿರಬಹುದು. ಅಜ್ಜಿ ಹೋದಳು. ಕಳೆದ ವರ್ಷ ಅತ್ತೆಯೂ ಹೋದಳು. ಮಣ್ಣು ಮಾಡಿ ಬಂದ ಮರುದಿನ, ಸುದ್ದಿ ತಿಳಿಯದ ಯಾವುದೋ ಹಳ್ಳಿಯ ಶಾಲೆಯ ಬಸ್ಸು ಗೇಟಿಗೆ ಬಂದು ನಿಂತಿತು. ವಾಪಸು ಕಳಿಸೋಣವೆಂದು ಹೊರಟ ನನ್ನ ಕೈಗೆ ಹಸೀನಾ ಚಾಚಿ ಬೀಗದ ಕೈ ಇಟ್ಟರು. "ಅವಳಿದ್ದಿದ್ರೆ ವಾಪಸ್ ಕಳುಸ್ತಿದ್ಲಾ ಮಗ?"

ಬಾಗಿಲು ತೆಗೆದೆ. ಮಕ್ಕಳು ಒಂದು ಗಳಿಗೆ ನನ್ನ ಮುಖ ನೋಡಿದವು, ಆಮೇಲೆ ಹೋ ಎಂದು ಒಳಗೆ ನುಗ್ಗಿದವು. ಆ ಗದ್ದಲದಲ್ಲಿ ನಾನು ಜೋರಾಗಿಯೇ ಅತ್ತುಬಿಟ್ಟೆ. ಯಾರಿಗೂ ಕೇಳಿಸಲಿಲ್ಲ.