ಧಾರಿ ಸೀರಿ ವಾಸನಿ

ಹೊಸ ಬಟ್ಟಿ ವಾಸನಿ ಅಂದ್ರ ಊರಿಗೆಲ್ಲಾ ಹಬ್ಬ. ಎರ್ರೆಮ್ಮಗ ಮಾತ್ರ ಅದೇ ಯಮ. ಚಿತ್ತವಾಡ್ಗಿಯಿಂದ ದಿನಾ ಆಟೋ ಹತ್ತಿ ಹೊಸಪೇಟಿ ಬಟ್ಟಿ ಅಂಗಡಿಗೆ ಹೋಗಾಕಿ ಆಕಿ. ಕೆಲಸ ಏನಪಾ ಅಂದ್ರ, ಹಿಂದಿನ ಗೋದಾಮಿನ್ಯಾಗ ಕುಂತು ಬಂಡಲ್ ಬಿಚ್ಚೋದು, ಇಸ್ತ್ರಿ ಹೊಡಿಯೋದು. ಕಿಟಕಿ ಅನ್ನೋದು ಅಲ್ಲಿಲ್ಲ. ಬಿಸಿ ಇಸ್ತ್ರಿ ಸೋಕಿದ್ದೇ ತಡ, ಘಾಟು ಮ್ಯಾಲೆದ್ದು ಕಣ್ಣು ಧಗಧಗ ಉರಿಯೋವು.

"ಏನಿಲ್ಲವ್ವಾ, ಸುಕ್ಕು ಬೀಳಬಾರ್ದು, ಬೂಷ್ಟು ಹಿಡೀಬಾರ್ದು ಅಂತ ಮಿಲ್ಲಿನೋರು ಕೆಮಿಕಲ್ ಹಾಕಿರ್ತಾರ. ಒಂದೆರಡು ಸಲ ತೊಳೆದ್ರ ಹೋಗ್ತೈತಿ," ಅಂದ ಸಾವುಕಾರ. ಆಹಾ, ಏನು ಹೇಳಿದ್ಯಪಾ! ಉಡೋರು ತೊಳ್ಕೊಂತಾರ, ಬಿಚ್ಚೋ ಆಕಿ ಎದಿ ಯಾರು ತೊಳೀಬೇಕು? ವರ್ಷಗಟ್ಟಲೆ ಆ ಘಾಟು ಕುಡಿದು, ಕಡೀಕ ಹೊಸ ಬಟ್ಟಿ ಹತ್ರ ಬಂದ್ರ ಸಾಕು, ಎರ್ರೆಮ್ಮಗ ಉಸಿರು ಕಟ್ಟೋ ಹಂಗಾತು. ಡಾಕ್ಟರ ಮಾತು ಕೇಳಿ ಕೆಲಸ ಬಿಟ್ಲು. ಎದಿ ಮಾತ್ರ ಮೊದಲಿನಂಗ ಆಗ್ಲಿಲ್ಲ.

ಅಷ್ಟರಾಗ ಮಗಳು ದುರ್ಗಾಗ ಕಂಪ್ಲಿಯಿಂದ ಗಂಡು ಕೂಡಿಬಂತು. ಇರಾಕಿ ಒಬ್ಬಾಕೇ ಮಗಳು. ಆಕಿ ಕೈಮ್ಯಾಲೆ ತಾನೇ ಧಾರಿ ಎರೀಬೇಕು ಅನ್ನೋದೊಂದೇ ಎರ್ರೆಮ್ಮನ ಆಸಿ. ಬೀಗತಿ ದ್ಯಾಮಕ್ಕನ ಮುಂದ ಸೆರಗೊಡ್ಡಿದ್ಲು.

"ಬೀಗ್ತೇರ, ಧಾರಿ ಸೀರಿ ಒಂದ್ಸಲ ನೀರಾಗ ಅದ್ದಿ ಒಣಗ್ಸಿ ತರ್ರಿ. ನನಗ ಆ ವಾಸನಿ ಆಗಂಗಿಲ್ರಿ."

ದ್ಯಾಮಕ್ಕ ಗಲ್ಲ ಬಡ್ಕೊಂಡ್ಲು. "ಅಯ್ಯ ಶಿವನ! ಧಾರಿ ಸೀರಿ ತೊಳೆದು ಉಡ್ಸೋದುಂಟೇನ್ರೀ? ಮೂಲಿಗೆ ಅರಿಶಿಣ ಹಚ್ಚಿ ಹೊಸಾದೇ ಉಡಿಸ್ಬೇಕು. ಅಪಶಕುನ ನುಡೀಬ್ಯಾಡ್ರಿ."

ಹೆಣ್ಣು ಕೊಡೋರ ಮಾತು ಎಲ್ಲಿ ನಡೀತೈತ್ರಿ?

ಮದುವಿ ದಿನ ಹಂದರದಾಗ ಯಾರ ಮೈಮ್ಯಾಲೆ ನೋಡಿದ್ರೂ ಹೊಸ ಬಟ್ಟಿ. ತಂಬಿಗಿ ಹಿಡ್ಕೊಂಡು ಮಗಳ ಹತ್ರ ಹೋಗೋದ್ರಾಗ ಎರ್ರೆಮ್ಮಗ ಕೆಮ್ಮು ಹತ್ತಿ ಕಣ್ಣು ಕತ್ತಲಿಟ್ಟಿತು. ಗಂಡ ಮೂಕಣ್ಣ ಆಕೀನ ಹಿಡ್ಕೊಂಡು ಹೊರಗ ತಂದ. ಎರ್ರೆಮ್ಮನ ತಂಗಿ ಸುಂಕಮ್ಮ, ಆಕಿ ಗಂಡ ಇಬ್ರೂ ನಿಂತು ಧಾರಿ ಎರೆದ್ರು. ಹೆತ್ತಾಕಿ ಬೇವಿನ ಗಿಡದ ಕೆಳಗ ಕುಂತು ವಾಲಗ ಕೇಳಿದ್ಲು. ಎಂಥಾ ಹಣೇಬರಾ ನೋಡ್ರಿ.

ಒಪ್ಪಿಸಿ ಕೊಡೋ ಹೊತ್ತಿಗೆ ದುರ್ಗಾ ಅದೇ ಸೀರಿಯಾಗ "ಯವ್ವಾ" ಅಂತ ಓಡಿ ಬಂದ್ಲು. ಎರ್ರೆಮ್ಮ ಎದಿ ತುಂಬ ಉಸಿರು ಎಳ್ಕೊಂಡು, ಅದನ್ನ ಬಿಗಿ ಹಿಡಿದು, ಮಗಳನ್ನ ತಬ್ಕೊಂಡ್ಲು. ಹಿಡಿದ ಉಸಿರು ಎಷ್ಟೊತ್ತು ತಾಳೀತು? ಅದು ಮುಗೀತಿದ್ದಂಗ ತನ್ನ ಕೈಯಾರೆ ಮಗಳನ್ನ ದೂರ ತಳ್ಳಿದ್ಲು.

"ಎಂಥಾ ಕಲ್ಲೆದಿಯಾಕಿ ಇಕಿ!" ಅಂದ್ರು ಕಂಪ್ಲಿ ಹೆಣ್ಮಕ್ಳು.

ಹಂಗಲ್ಲ ಅಂತ ಹೇಳಾಕ ಎರ್ರೆಮ್ಮಗ ಉಸಿರಿರ್ಲಿಲ್ಲ.