ಕರಡಿಗೆ ಒತ್ತಿದ ಗಂಟು

ಶಿವನನ್ನು ನಂಬಿದ ಅಕ್ಕತಂಗಿಯರಿಗೆ ನಾರಾಯಣಪೇಟೆಯ ಗುರುಬಸಮ್ಮನ ಶರಣಾರ್ಥಿಗಳು. ಹೋದ ವರ್ಷ ಯುಗಾದಿ ಕಳೆದ ಎರಡನೆಯ ಸೋಮವಾರ ಸ್ನಾನ ಮಾಡುವಾಗ ನನ್ನ ಎಡಮೊಲೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಕಡಲೆಕಾಳಿನಷ್ಟಿತ್ತು, ಒತ್ತಿದರೂ ನೋವಿರಲಿಲ್ಲ. ಆ ಅಂಗದ ಹೆಸರು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಈ ನಾಚಿಕೆ ನನ್ನನ್ನು ಎಲ್ಲಿಗೆ ಒಯ್ಯುವುದರಲ್ಲಿತ್ತು ಎಂದು ನೆನೆದರೆ, ಬರೆಯದಿರುವುದೇ ಪಾಪ ಅನ್ನಿಸುತ್ತದೆ.

ನನಗೆ ಐವತ್ತೆರಡು ವರ್ಷ. ಮಗ್ಗದವರು ನೇಯ್ದ ಸೀರೆಗಳು ವ್ಯಾಪಾರಿಯ ಅಂಗಡಿಗೆ ಹೋಗುವ ಮೊದಲು ನಮ್ಮ ಮನೆಗೆ ಬರುತ್ತವೆ. ನಾನು ಒಂದೊಂದನ್ನೇ ತೊಡೆಯ ಮೇಲೆ ಹರಡಿ, ಅಂಚಿನಿಂದ ಅಂಚಿಗೆ ಅಂಗೈ ಆಡಿಸಿ, ಎಲ್ಲಿ ಎಳೆ ಕಡಿದಿದೆ, ಎಲ್ಲಿ ಗಂಟು ಬಿದ್ದಿದೆ ಎಂದು ಹುಡುಕುತ್ತೇನೆ. ಈ ಕೆಲಸಕ್ಕೆ ಮೂವತ್ತು ವರ್ಷವಾಯಿತು. ಕೈ ಕಲಿತದ್ದನ್ನು ಮನಸ್ಸೂ ಕಲಿತುಬಿಟ್ಟಿತು. ಹಾಲಿನವನಾಗಲಿ, ಬೀಗರಾಗಲಿ, ಎದುರಿಗೆ ಬಂದವರಲ್ಲಿ ನಾನು ಮೊದಲು ಹುಡುಕುವುದು ದೋಷವನ್ನೇ. ನಮ್ಮ ಯಜಮಾನರು ನಗುತ್ತ ಹೇಳುತ್ತಿರುತ್ತಾರೆ: "ಶಿವನ ಬಂದು ಬಾಗಿಲ ಬಡದ್ರೂ, ಮದ್ಲ ಆಧಾರ್ ಕಾರ್ಡ್ ತೋರ್ಸು ಅಂತಿ ನೀನು."

ಹೀಗಿದ್ದವಳು ಆ ಗಂಟನ್ನು ಕಂಡು ಯಾರ ಮೇಲೆ ಸಂಶಯಪಟ್ಟೆ ಗೊತ್ತೇ? ಮಕ್ತಲ್‌ನ ಅಕ್ಕಸಾಲಿಗನ ಮೇಲೆ. ನಾವು ಲಿಂಗವಂತರು, ಇಷ್ಟಲಿಂಗವನ್ನು ಹಗಲಿರುಳು ಎದೆಯ ಮೇಲೆ ಧರಿಸುವವರು. ಲಿಂಗವಿಡುವ ಬೆಳ್ಳಿಯ ಕರಡಿಗೆ ಹಳತಾಗಿ ಮುಚ್ಚಳ ಸಡಿಲವಾಗಿತ್ತೆಂದು ಸಂಕ್ರಾಂತಿಯ ಹೊತ್ತಿಗೆ ಹೊಸದು ಮಾಡಿಸಿದ್ದೆ. ಅದು ಹಳೆಯದಕ್ಕಿಂತ ಭಾರವಾಗಿತ್ತು, ಮಲಗಿದಾಗ ಎಡಕ್ಕೆ ಜಾರಿ ಒತ್ತುತ್ತಿತ್ತು. ಒತ್ತಿ ಒತ್ತಿ ಗಂಟಾಗಿದೆ, ಬೆಳ್ಳಿಯಲ್ಲಿ ಇನ್ನೇನೋ ಬೆರೆಸಿದ್ದಾನೆ ಎಂದು ತೀರ್ಮಾನಿಸಿ ಮರುದಿನವೇ ಮಕ್ತಲ್ ಬಸ್ಸು ಹತ್ತಿದೆ. ಎಲ್ಲಿ ಏನಾಗಿದೆ ಎಂದು ಅವನಿಗೆ ಹೇಳಲಿಲ್ಲ, ಮೈಗೆ ಆಗಿಬಂದಿಲ್ಲ ಎಂದಷ್ಟೇ ಹೇಳಿದೆ.

ಆತ ಕರಡಿಗೆಯನ್ನು ಒರೆಗೆ ಹಚ್ಚಿ ತೋರಿಸಿದ. "ನೋಡ್ರಿ ಅಮ್ಮಾ, ಅಸಲಿ ಬೆಳ್ಳಿ. ನಮ್ಮಪ್ಪನ ಕಾಲದಿಂದ ಲಿಂಗದ ಕರಡಗಿ ಮಾಡಾಕತ್ತೀವಿ, ಬೆಳ್ಳಿ ಒತ್ತಿ ಮೈ ಕೆಟ್ಟದ್ದು ನಾ ಎಂದೂ ಕೇಳಿಲ್ಲ."

ನನಗೆ ಅವನ ಒರೆಗಲ್ಲಿನ ಮೇಲೂ ಸಂಶಯ ಬಂತು. ಮನೆಗೆ ಬಂದು ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಕಟ್ಟಿ, ಬಲಕ್ಕೆ ಸರಿಸಿ ಧರಿಸಿದೆ. ಇನ್ನು ಒತ್ತುವುದು ನಿಂತಿತಲ್ಲ, ಗಂಟು ತಾನೇ ಹೋಗುತ್ತದೆ ಎಂದು ಕಾದೆ. ಎರಡು ತಿಂಗಳು ಹೀಗೇ ಕಾದೆ. ಕಡಲೆಕಾಳು ಹುಣಸೆಬೀಜದಷ್ಟಾಯಿತು.

ಆಗ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಸುಜಾತ ಮನೆಮನೆಗೆ ಬಂದಳು. ಮೂವತ್ತು ದಾಟಿದ ಹೆಂಗಸರಿಗೆಲ್ಲ ಬಿಪಿ, ಸಕ್ಕರೆ, ಬಾಯಿ, ಎದೆ ಎಲ್ಲ ಪರೀಕ್ಷೆ ಇದೆ, ಬನ್ನಿ ಎಂದಳು. "ಭಯಪಡಕಂಡಿ ಅಕ್ಕಾ, ಸಿಸ್ಟರ್ ಚೇತಿತೋ ಚೂಸ್ತುಂದಿ, ಅಂತೇ." ಹೆದರಬೇಡಿ, ನರ್ಸ್ ಕೈಯಿಂದ ಮುಟ್ಟಿ ನೋಡುತ್ತಾಳೆ, ಅಷ್ಟೇ ಎಂದು ತೆಲುಗಿನಲ್ಲಿ ಆಕೆಯ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಆ ಕ್ಷಣವೇ ಸೆರಗು ಎಳೆದುಕೊಂಡೆ.

"ಯಾರೂ ಕೇಳದ ಮನಿಗೆ ಬಂದು ಎದಿ ನೋಡ್ತೀವಿ ಅಂತೀರಲ್ಲ, ಇದರಾಗ ನಿಮಗೇನು ಸಿಗ್ತೈತಿ?" ಎಂದೆ.

"ಏನೂ ಇಲ್ಲರೀ ಅಕ್ಕಾ. ನಿಮಗೇನರ ಗಂಟು ಗಿಂಟು ಐತೇನು?"

"ನನಗೇನಾಗೈತಿ? ಕಲ್ಲಿನಂಗ ಗಟ್ಟಿ ಅದೀನಿ" ಎಂದು ಬಾಗಿಲು ಮುಂದೆ ಮಾಡಿದೆ. ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಆಕೆ ಏನು ಬರೆದುಕೊಂಡಳೋ ಎಂದು ಸಂಜೆಯವರೆಗೆ ತಲೆ ಕೆಡಿಸಿಕೊಂಡೆ.

ಆದರೆ ಭಯ ಒಳಗೆ ಕೂತಾಗಿತ್ತು. ಧನ್ವಾಡದ ಕಡೆ ಒಬ್ಬರು ಸೊಪ್ಪಿನ ಔಷಧಿ ಕೊಡುತ್ತಾರೆಂದು ಕೇಳಿ ಗುಟ್ಟಾಗಿ ಹೋದೆ. ಆತ ಗಂಟು ಎಲ್ಲಿದೆ, ಎಷ್ಟಿದೆ ಎಂದು ಕೇಳಲೂ ಇಲ್ಲ. "ಹದಿನೈದು ದಿನದಾಗ ಬೆಣ್ಣಿ ಕರಗಿದಂಗ ಕರಗ್ತೈತಿ, ಹೋಗು ತಾಯಿ" ಎಂದ. ನೋಡದೆ ಮಾತು ಕೊಟ್ಟವನನ್ನು ಹೇಗೆ ನಂಬಲಿ? ಆತ ಕೊಟ್ಟ ಸೊಪ್ಪಿನ ಮುದ್ದೆಯನ್ನು ಬಸ್ ನಿಲ್ದಾಣದ ಬೇಲಿಗೆ ಎಸೆದು ಬಂದೆ.

ಆಮೇಲೆ ಮಕ್ತಲ್‌ನಲ್ಲಿ ಯಾರೋ ಹೆಂಗಸರ ತಪಾಸಣೆಯ ಶಿಬಿರ ಇಟ್ಟಿದ್ದರು. ಧೈರ್ಯ ಮಾಡಿ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಒಳಗಿದ್ದ ಹುಡುಗಿ ಮುಖವನ್ನೂ ನೋಡದೆ, "ಕೊರಳಾಗ ಇದ್ದದ್ದೆಲ್ಲ ತೆಗೆದು ಈ ತಟ್ಯಾಗ ಇಡ್ರಿ" ಎಂದಳು. ತಟ್ಟೆಯಲ್ಲಿ ಯಾರದೋ ಸರ, ಹೇರ್‌ಪಿನ್ನು, ಪಿನ್ನಿನ ಡಬ್ಬಿ ಬಿದ್ದಿದ್ದವು. ಲಿಂಗ ಅಗಲಿದರೆ ಪ್ರಾಣ ಅಗಲಿದಂತೆ ಎಂದು ದೀಕ್ಷೆಯ ದಿನ ಗುರುಗಳು ಕಿವಿಯಲ್ಲಿ ಹೇಳಿದ್ದಾರೆ. ಆ ಪ್ರಾಣವನ್ನು ಹೇರ್‌ಪಿನ್ನಿನ ಪಕ್ಕ ಇಡು ಎಂದವಳ ಕೈಗೆ ಮೈ ಕೊಡಲೇ? ತಿರುಗಿ ನೋಡದೆ ಹೊರಗೆ ಬಂದೆ.

ಭಕ್ತರ ಮುಂದೆ ಸುಳ್ಳು ಹೇಳಬಾರದು. ಹೊರಗೆ ಬಂದಾಗ ನನಗಾದದ್ದು ಸಿಟ್ಟಲ್ಲ, ಸಮಾಧಾನ. ಪರೀಕ್ಷೆ ತಪ್ಪಿಸಿಕೊಳ್ಳಲು ಒಂದು ದೊಡ್ಡ ನೆಪ ಸಿಕ್ಕಿತಲ್ಲ, ಅದೂ ದೇವರ ಹೆಸರಿನ ನೆಪ. ಅಲ್ಲಿಂದ ಮುಂದೆ ಯಾರು ಏನೇ ಅಂದರೂ ನನ್ನ ಬಳಿ ಉತ್ತರ ತಯಾರಿತ್ತು. ಕೇಳುವವರೇ ಇರಲಿಲ್ಲ, ಏಕೆಂದರೆ ನಾನು ಯಜಮಾನರಿಗೂ ಹೇಳಿರಲಿಲ್ಲ.

ಪ್ರತಿದಿನ ಬೆಳಿಗ್ಗೆ ಪೂಜೆಯಲ್ಲಿ, "ತಂದೆ, ಇದನ್ನು ಕರಗಿಸು" ಎಂದು ಬೇಡುತ್ತಿದ್ದೆ. ಆಷಾಢ ಹೋಯಿತು, ಅದು ಕರಗಲಿಲ್ಲ. ಶ್ರಾವಣದ ಮೊದಲ ಸೋಮವಾರ ವಿಭೂತಿ ಹಚ್ಚಿಕೊಳ್ಳುತ್ತ ಮತ್ತೆ ಆ ಗಂಟನ್ನು ಮುಟ್ಟಿ ನೋಡಿದೆ. ನನಗೆ ಆ ಶಿವನ ಮೇಲೆಯೇ ಸಿಟ್ಟು ಬಂತು. ನೀನೂ ಆ ಸೊಪ್ಪಿನವನ ಹಾಗೆಯೋ ಎಂದುಬಿಟ್ಟೆ. ಎಷ್ಟೋ ಹೊತ್ತು ಅತ್ತೆ. ಆಮೇಲೆ ಬೇಡಿಕೆ ಬದಲಿಸಿದೆ: "ಕರಗಿಸದಿದ್ದರೆ ಬಿಡು. ನನ್ನ ಈ ಕೆಟ್ಟ ಬುದ್ಧಿಗೆ ನಂಬಿಕೆ ಬರುವಂಥ ಒಬ್ಬರನ್ನಾದರೂ ತೋರಿಸು."

ಎಂಟೇ ದಿನದಲ್ಲಿ ಗದ್ವಾಲದಿಂದ ಮಗಳು ನೀಲಾ ಫೋನ್ ಮಾಡಿದಳು. ಅವಳ ಅತ್ತೆ ಯಾತ್ರೆಗೆ ಹೋಗಿದ್ದಾರೆ, ನಾಲ್ಕು ದಿನ ಬಂದಿರು ಎಂದಳು. ಮಕ್ತಲ್‌ನಲ್ಲಿ ಬಸ್ಸು ಬದಲಿಸಿ, ಜೂರಾಲ ಅಣೆಕಟ್ಟು ದಾಟಿ ಹೋದೆ. ಮರುದಿನ ಅವಳು ನನ್ನನ್ನು ಕೂರಿಸಿ ತಲೆಗೂ ಮೈಗೂ ಎಣ್ಣೆ ಹಚ್ಚಿದಳು. ಬೆನ್ನಿನಿಂದ ಕಂಕುಳಿಗೆ, ಕಂಕುಳಿನಿಂದ ಮುಂದಕ್ಕೆ ಬಂದ ಅವಳ ಕೈ ಒಂದೆಡೆ ನಿಂತಿತು.

"ಅವ್ವಾ, ಇದೇನು?"

"ಕರಡಗಿ ಒತ್ತೇತಿ."

"ಕರಡಗಿ ಎಲ್ಲೈತಿ? ನೀ ವಸ್ತ್ರದಾಗ ಕಟ್ಟೀದಿಯಲ್ಲ."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ನೀರು ಹಾಕಿ, ಸೀರೆ ಉಡಿಸಿ, ಆಟೋ ಕರೆದಳು. ಡಾಕ್ಟರು ಕೈಯಿಂದ ನೋಡಿ ಚೀಟಿ ಬರೆದರು, ಅಲ್ಲಿಂದ ಒಂದು ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದೆವು. ದಾರಿಯುದ್ದಕ್ಕೂ ನಾನು ಒಂದೇ ಹಟ ಹಿಡಿದಿದ್ದೆ: "ಲಿಂಗ ತೆಗಿ ಅಂದ್ರ ನಾ ಎದ್ದು ಬರಾಕಿ."

ಯಂತ್ರದ ಕೋಣೆಯಲ್ಲಿದ್ದವಳು ಶಬಾನಾ ಎಂಬ ನಲವತ್ತರ ಹೆಂಗಸು, ರಾಯಚೂರಿನ ಕಡೆಯವಳು. ನಾನು ಎದೆಯ ಮೇಲೆ ಕೈಯಿಟ್ಟು ಕೂತದ್ದನ್ನು ನೋಡಿ ಬಾಗಿಲು ಹಾಕಿ ಬಂದಳು.

"ಲಿಂಗ ಐತೇನ್ರೀ ಅಮ್ಮಾ?"

"ಐತಿ. ತೆಗಿಯೂದಿಲ್ಲ."

"ತೆಗದು ಇಡ್ರಿ ಅಂತ ನಾ ಎಲ್ಲಿ ಅಂದೆ? ನಮ್ಮ ಮನಿ ಬಾಜೂಕ ನಿಮ್ಮವರೇ ಅದಾರ. ಅವರವ್ವ ದಿನಾ ಮುಂಜಾನಿ ಎಡಗೈಯಾಗ ಲಿಂಗ ಇಟ್ಕೊಂಡು ಪೂಜಾ ಮಾಡ್ತಾಳ, ಸಣ್ಣಾಕಿದ್ದಾಗಿಂದ ನೋಡೀನಿ. ನೀವೂ ಹಂಗ ಕೈಯಾಗ ಇಟ್ಕೋರಿ. ಎದಿ ಮ್ಯಾಲ ಇದ್ರ ಫೋಟೋದಾಗ ಅಡ್ಡ ಬರ್ತೈತಿ, ಅಷ್ಟ."

ನಾನು ದಂಗಾದೆ. ಪ್ರತಿದಿನ ಬೆಳಿಗ್ಗೆ ನಾನೇ ಅದನ್ನು ವಸ್ತ್ರದಿಂದ ಬಿಚ್ಚಿ ಎಡಗೈಯಲ್ಲಿಟ್ಟುಕೊಳ್ಳುತ್ತೇನೆ. ಅಂಗೈಯೇ ಲಿಂಗಕ್ಕೆ ಪೀಠವೆಂದು ಐದು ವರ್ಷದ ಹುಡುಗಿಯಾಗಿದ್ದಾಗಿನಿಂದ ಬಲ್ಲೆ. ನನ್ನ ಕೈಯಲ್ಲೇ ಇದ್ದ ಉತ್ತರವನ್ನು ಆ ಮುಸಲ್ಮಾನ ಹೆಣ್ಣುಮಗಳು ಹೇಳಬೇಕಾಯಿತು. ಆದರೂ ನನ್ನ ಬುದ್ಧಿ ಸುಮ್ಮನಿದ್ದೀತೇ? ಸವಿಮಾತಾಡಿ ಕೆಲಸ ಮಾಡಿಸಿಕೊಳ್ಳುತ್ತಿದ್ದಾಳೆಯೇ ಎಂದು ಪರೀಕ್ಷಿಸಲು ಕೇಳಿದೆ: "ಇದು ಕೆಟ್ಟ ಗಂಟೋ ಒಳ್ಳೇದೋ? ಇಷ್ಟು ಮಂದೀನ್ನ ನೋಡೀದಿ, ನಿನಗ ಗೊತ್ತಾಗ್ತೈತಿ."

"ನನಗ ಗೊತ್ತಿಲ್ಲಮ್ಮಾ. ಭಾಳ ಗಂಟು ಕೆಟ್ಟವು ಇರಂಗಿಲ್ಲ. ನಿಮ್ಮದು ಹೆಂಗೋ, ಸುಳ್ಳು ಹೇಳಾಕ ನನಗ ಬರಂಗಿಲ್ಲ. ಫೋಟೋ ನೋಡಿ ಡಾಕ್ಟರು ಹೇಳ್ತಾರ, ಅವರಿಗೂ ಸಂಶೇ ಬಂದ್ರ ಸೂಜಿ ಹಾಕಿ ತುಣುಕು ತೆಗದು ನೋಡ್ತಾರ. ಯಂತ್ರ ಒತ್ತಿದಾಗ ಸ್ವಲ್ಪ ನೋವಾಗ್ತೈತಿ, ತಡ್ಕೋರಿ."

ಅಕ್ಕತಂಗಿಯರೇ, ಗೊತ್ತಿಲ್ಲ ಎಂಬ ಆ ಮಾತು ಕೇಳಿ ನನ್ನ ಕಣ್ಣು ತುಂಬಿ ಬಂತು. ನಾಲ್ಕು ತಿಂಗಳಲ್ಲಿ ನಾನು ನಂಬಿದ ಮೊದಲ ಮಾತು ಅದು. ಬೇಡಿದ್ದನ್ನು ಶಿವ ಕೊಟ್ಟಿದ್ದಾನೆ ಎಂದು ಆಗಲೇ ತಿಳಿಯಿತು. ಎಡಗೈಯಲ್ಲಿ ಲಿಂಗ ಹಿಡಿದು ಯಂತ್ರದ ಮುಂದೆ ನಿಂತೆ. ನೋವಾಯಿತು, ಪಂಚಾಕ್ಷರಿ ಹೇಳುತ್ತ ತಡೆದುಕೊಂಡೆ.

ಗಂಟು ಕೆಟ್ಟದ್ದೇ ಆಗಿತ್ತು. ಸೂಜಿಯ ಪರೀಕ್ಷೆಯೂ ಹಾಗೇ ಹೇಳಿತು. ಚುಚ್ಚಿದರೆ ಹರಡುತ್ತದೆ ಎಂದು ಓಣಿಯಲ್ಲಿ ಕೇಳಿದ್ದೆ, ಹಾಗೇನೂ ಇಲ್ಲ, ಇದು ಯಾವ ಜಾತಿಯದೆಂದು ತಿಳಿಯದೆ ಮದ್ದು ಮಾಡುವುದಾದರೂ ಹೇಗೆ ಎಂದು ಡಾಕ್ಟರು ಸಮಾಧಾನದಿಂದ ತಿಳಿಸಿದರು. ಯಜಮಾನರನ್ನು ಕರೆಸಿದೆವು. ಎಲ್ಲ ಕೇಳಿದ ಮೇಲೆ ಅವರು ಅಂದದ್ದು ಒಂದೇ ಮಾತು: "ಮೂವತ್ತೈದು ವರ್ಷ ಒಂದ ಮನ್ಯಾಗ ಇದ್ದು, ನನ್ನೂ ನಂಬಲಿಲ್ಲೇನ?" ಸೂಜಿಗಿಂತ ಅದೇ ಹೆಚ್ಚು ನೋಯಿಸಿತು.

ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯೆ ಎರಡು ದಾರಿ ಹೇಳಿದರು. ಗಂಟನ್ನೂ ಅದರ ಸುತ್ತಲಿನಷ್ಟನ್ನೂ ಮಾತ್ರ ತೆಗೆದು, ಆಮೇಲೆ ಕೆಲವು ವಾರ ಕರೆಂಟು, ಅಂದರೆ ವಿಕಿರಣ, ಕೊಡುವುದು ಒಂದು. ಪೂರ್ತಿ ತೆಗೆದುಬಿಡುವುದು ಇನ್ನೊಂದು. ನಿಮ್ಮದು ಚಿಕ್ಕದು, ಜೀವ ಉಳಿಯುವ ಮಟ್ಟಿಗೆ ಎರಡೂ ಸಮ, ಯಾವುದು ಬೇಕೆಂದು ನೀವೇ ಹೇಳಿ ಎಂದರು. ಬಲ್ಲವರು ಅರಿಯದವಳನ್ನು ಕೇಳುತ್ತಾರೆಯೇ ಎಂದು ನನಗೆ ಮತ್ತೆ ಸಂಶಯ. "ನಿಮ್ಮವ್ವಗ ಆಗಿದ್ರ ಏನ್ ಮಾಡ್ತಿದ್ರಿ?" ಎಂದೆ. ಅವರು ನಕ್ಕರು. "ಅಮ್ಮನನ್ನೂ ಮೊದಲು ಹೀಗೇ ಕೇಳುತ್ತಿದ್ದೆ" ಎಂದರು. ನಾನು ಮೊದಲನೆಯ ದಾರಿ ಹಿಡಿದೆ. ಶಸ್ತ್ರಚಿಕಿತ್ಸೆಯ ದಿನ ಅವರ ಒಪ್ಪಿಗೆಯಿಂದ ನರ್ಸಮ್ಮ ಲಿಂಗವನ್ನು ಸುತ್ತಿ ನನ್ನ ಬಲ ಮುಂಗೈಗೆ ಭದ್ರವಾಗಿ ಕಟ್ಟಿದರು. ಕಣ್ಣು ಬಿಟ್ಟಾಗ ಅದು ಅಲ್ಲೇ ಇತ್ತು. ರೋಗ ಕಂಕುಳಿಗೆ ಹರಡಿರಲಿಲ್ಲ. ಕರೆಂಟು ಮುಗಿಸಿ ಬಂದೆ, ಈಗ ದಿನಕ್ಕೊಂದು ಗುಳಿಗೆ, ಅದನ್ನು ಐದು ವರ್ಷ ನುಂಗಬೇಕು.

ಮನೆಗೆ ಹೊರಡುವ ದಿನ ವೈದ್ಯೆ ಇನ್ನೊಂದು ಮಾತು ಹೇಳಿದ್ದರು. ತಾಯಿಗೆ ಬಂದಿದೆ, ಮಗಳೂ ತಪಾಸಣೆ ಮಾಡಿಸಿಕೊಳ್ಳುತ್ತಿರಬೇಕು ಎಂದು. ನೀಲಾಳಿಗೆ ಮೂವತ್ತಮೂರು. ನನ್ನನ್ನು ಎಳೆದುಕೊಂಡು ಹೋದವಳು ತನ್ನ ಸರದಿ ಬಂದಾಗ ಹಿಂದೆ ಸರಿದಳು. ದಸರೆ ಆಗಲಿ ಅಂದಳು, ದೀಪಾವಳಿ ಆಗಲಿ ಅಂದಳು. "ನನಗೇನಾಗೈತವ್ವ, ಸುಮ್ನಿರು" ಅಂದಳು. ನನ್ನ ರೋಗಕ್ಕೆ ನಾನು ಅಷ್ಟು ಹೆದರಿರಲಿಲ್ಲ. ಅವಳ ಆ ಮಾತಿಗೆ ಹೆದರಿ ಅನ್ನ ಸೇರಲಿಲ್ಲ. ಗದ್ವಾಲಕ್ಕೆ ಹೋಗಿ ಅವಳ ನಡುಮನೆಯಲ್ಲಿ ಕೂತೆ, ನೀನು ಬರುವವರೆಗೆ ನೀರೂ ಮುಟ್ಟುವುದಿಲ್ಲ ಎಂದೆ. ಮಧ್ಯಾಹ್ನಕ್ಕೆ ಚಪ್ಪಲಿ ಮೆಟ್ಟಿದಳು.

ನಾನು ತಪಾಸಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅವಳು ಹೊರಬಂದು ಕಾಗದ ಚಾಚಿ, "ಏನೂ ಇಲ್ಲವ್ವಾ" ಎಂದಳು. ನಾನು ಇಂಗ್ಲಿಷಿನ ಆ ಕಾಗದವನ್ನು ಅಲ್ಲಿಯ ಡಾಕ್ಟರಮ್ಮನ ಹತ್ತಿರ ಒಯ್ದು ಓದಿಸಿದೆ. ಹೊರಗೆ ಬಂದು ಔಷಧಿ ಅಂಗಡಿಯವನ ಹತ್ತಿರ ಮತ್ತೊಮ್ಮೆ ಓದಿಸಿದೆ. ಇಬ್ಬರೂ ಒಂದೇ ಹೇಳಿದರು. ಆಗ ಅಲ್ಲೇ ರಸ್ತೆಯ ಮೇಲೆ, ಜನ ನೋಡುತ್ತಾರೆಂಬ ಪರಿವೆಯಿಲ್ಲದೆ, ಎದೆಯ ಮೇಲಿನ ಲಿಂಗವನ್ನು ಸೆರಗಿನೊಡನೆ ಅಪ್ಪಿಕೊಂಡು ಜೋರಾಗಿ ಅತ್ತೆ. ತಂದೆ, ನಿನ್ನ ಉಪಕಾರ ಯಾವ ಜನ್ಮದಲ್ಲಿ ತೀರಿಸಲಿ ಎಂದು ಅತ್ತೆ.

ನೀಲಾ ನನ್ನ ಕಣ್ಣೊರೆಸಿದಳು. "ಈಗರೆ ನಂಬಿಕಿ ಬಂತೇನವ್ವ ನಿನಗ?"

"ದೇವರ ಮ್ಯಾಲ ಬಂದೈತಿ. ಕಾಗದದ ಮ್ಯಾಲ ಅಲ್ಲ" ಎಂದೆ. "ಮುಂದಿನ ವರ್ಷ ಮತ್ತ ಬರಬೇಕು ನೀನು."